ಡ್ಯಾಕ್ ಕೊಳ್ಳುವಾಗ ಕಿವಿಯನ್ನು ನಂಬಬೇಕಾ, ಅಳತೆಯನ್ನು ನಂಬಬೇಕಾ?

ಕೋಟೆಬಾಗಿಲು, ರಾಯಚೂರು
ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ತಲೆ ಕೆಟ್ಟಿದೆ, ತಿಳಿದವರು ಹೇಳಿ.

ನನ್ನ ಹತ್ತಿರ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, ಒಂದು ಹಳೆಯ ಆಂಪ್ಲಿಫೈಯರ್ ಇದೆ. ಹಾಡು ಲ್ಯಾಪ್‌ಟಾಪ್‌ನಲ್ಲಿದೆ, ಒಂದು ಪುಟ್ಟ ಯುಎಸ್‌ಬಿ ಡಾಂಗಲ್ ಮೂಲಕ ಆಂಪ್‌ಗೆ ಹೋಗುತ್ತದೆ. ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ, ವಚನ, ದಾಸರ ಪದ, ಹಳೆಯ ಸಿನಿಮಾ ಹಾಡು. ಅಪ್ಪ ಕೂಡಿಟ್ಟ ಕ್ಯಾಸೆಟ್ ಒಂದು ಟ್ರಂಕ್ ತುಂಬ ಇವೆ. ಅವನ್ನೂ ಕಂಪ್ಯೂಟರ್‌ಗೆ ಹಾಕಬೇಕು ಅಂತ ಆಸೆ.

ಒಂದು ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ವಿದ್ಯುತ್ ಸಿಗ್ನಲ್ ಮಾಡಿಕೊಡುವ ಪೆಟ್ಟಿಗೆ) ಕೊಳ್ಳೋಣ ಅಂತ 50,000 ರೂಪಾಯಿ ಕೂಡಿಸಿಟ್ಟಿದ್ದೇನೆ. ಹೈದರಾಬಾದಿನ ಒಂದು ಅಂಗಡಿಗೆ ಹೋಗಿದ್ದೆ. ಮೊದಲು ನನ್ನ ಡಾಂಗಲ್ ಹಾಕಿ ಕೇಳಿಸಿದರು, ಆಮೇಲೆ ಅವರ ಡ್ಯಾಕ್. ‘ಈಗ ಧ್ವನಿ ಹೇಗೆ ಬಿಚ್ಚಿಕೊಂಡಿತು ನೋಡಿ’ ಅಂದರು. ನಿಜಕ್ಕೂ ಚೆನ್ನಾಗಿ ಕೇಳಿಸಿತು. ಮನೆಗೆ ಬಂದು ಅಳತೆಯ ವರದಿಗಳನ್ನು ಹುಡುಕಿದರೆ, ಅದರ ಹತ್ತನೇ ಒಂದು ಭಾಗ ಬೆಲೆಯ ಡ್ಯಾಕ್ ಅಂಕಿಯಲ್ಲಿ ಅದಕ್ಕಿಂತ ಮುಂದಿದೆ! ಅಂಗಡಿಯವರನ್ನು ಫೋನಿನಲ್ಲಿ ಕೇಳಿದೆ. ‘ಮೀಟರ್ ಹಾಡು ಕೇಳುತ್ತದಾ ಸರ್, ನಿಮ್ಮ ಕಿವಿ ಏನು ಹೇಳಿತು’ ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ?

ಮಾನ್ವಿ ಮಂದಿ
ಕೋಣೆ ಎಷ್ಟು ದೊಡ್ಡದು? ನೆಲ ಯಾವುದು? ಮೊದಲು ಅದು ಹೇಳಿ.

ಶಕ್ತಿನಗರದವನು
ಸರ್, ಅಂಗಡಿಯಲ್ಲಿ ನಿಮಗೆ ಕೇಳಿಸಿದ ವ್ಯತ್ಯಾಸ ನಿಜವಾದದ್ದೇ, ನಿಮ್ಮ ಕಿವಿ ಸುಳ್ಳು ಹೇಳಿಲ್ಲ. ಆದರೆ ಅದರ ಕಾರಣ ಬೇರೆ ಇರಬೇಕು. ಇಂಥ ಡಾಂಗಲ್‌ಗಳಲ್ಲಿ ಬಹಳಷ್ಟು 1 ವೋಲ್ಟ್ ಹತ್ತಿರ ಕೊಡುತ್ತವೆ. ಟೇಬಲ್ ಮೇಲೆ ಇಡುವ ಡ್ಯಾಕ್ ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತದೆ. ವೋಲ್ಟೇಜ್ ಎರಡು ಪಟ್ಟು ಆದರೆ ಸದ್ದು 6 ಡೆಸಿಬೆಲ್ ಏರುತ್ತದೆ. ವಾಲ್ಯೂಮ್ ಗುಂಡಿ ಮುಟ್ಟದೆ ಡ್ಯಾಕ್ ಬದಲಿಸಿದರೆ ಎರಡನೆಯದು ಜೋರಾಗಿಯೇ ಬರುತ್ತದೆ. ಜೋರಾಗಿದ್ದದ್ದು ಕಿವಿಗೆ ‘ತೆರೆದುಕೊಂಡಂತೆ’, ‘ಬೇಸ್ ತುಂಬಿದಂತೆ’ ಕೇಳಿಸುತ್ತದೆ. ಸದ್ದು ಕಡಿಮೆ ಇದ್ದಾಗ ಕಿವಿಗೆ ಬೇಸ್ ಸರಿಯಾಗಿ ಮುಟ್ಟುವುದಿಲ್ಲ. ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ.

ಅಂಗಡಿಯವರು ಬೇಕಂತ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ, ಅವರಿಗೂ ಹಾಗೇ ಕೇಳಿಸಿರುತ್ತದೆ. ಆದರೆ ಎರಡು ಪೆಟ್ಟಿಗೆ ಹೋಲಿಸಬೇಕು ಅಂದರೆ ಎರಡರ ಸದ್ದೂ 0.1 ಡೆಸಿಬೆಲ್ ಒಳಗೆ ಸಮ ಇರಬೇಕು. 2 ವೋಲ್ಟ್‌ಗೆ ಇದು ಸುಮಾರು 23 ಮಿಲಿವೋಲ್ಟ್. ಗುಂಡಿ ತಿರುಗಿಸಿ ಕಿವಿಯಿಂದ ಇಷ್ಟು ಸಮ ಮಾಡಲು ಆಗುವುದಿಲ್ಲ, ಮಲ್ಟಿಮೀಟರ್ ಬೇಕೇ ಬೇಕು.

ಇನ್ನು ಅಂಕಿ ವಿಷಯ. ಈಗಿನ ಒಳ್ಳೆಯ ಡ್ಯಾಕ್‌ನಲ್ಲಿ ಗದ್ದಲ ಮತ್ತು ವಿಕೃತಿ (ಡಿಸ್ಟಾರ್ಷನ್, ಮೂಲದಲ್ಲಿ ಇಲ್ಲದ್ದು ಸೇರಿಕೊಳ್ಳುವುದು) ಎರಡೂ ಸೇರಿ ಸಿಗ್ನಲ್‌ಗಿಂತ 110, 120 ಡೆಸಿಬೆಲ್ ಕೆಳಗೆ ಇರುತ್ತವೆ. 120 ಅಂದರೆ ವೋಲ್ಟೇಜ್‌ನಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲು. ಸಿಡಿಯ 16 ಬಿಟ್‌ನ ಮಿತಿಯೇ ಸುಮಾರು 96. ರಾಯಚೂರಿನಲ್ಲಿ ಏಪ್ರಿಲ್ ತಿಂಗಳು ಫ್ಯಾನ್ ಹಾಕದೆ ಯಾರೂ ಹಾಡು ಕೇಳುವುದಿಲ್ಲ ಅಲ್ವಾ. ಆ ಫ್ಯಾನ್ ಸದ್ದೇ 45, 50 ಡೆಸಿಬೆಲ್ ಇರುತ್ತದೆ. ಹಾಡಿನ ಏರು 95ಕ್ಕೆ ಹೋಯಿತು ಅಂತ ಇಟ್ಟುಕೊಳ್ಳಿ, ಆಗಲೂ ನಿಮಗೆ ಉಳಿಯುವ ಅಂತರ 50ರ ಹತ್ತಿರ. 100ಕ್ಕೂ 120ಕ್ಕೂ ಇರುವ ವ್ಯತ್ಯಾಸ ಯಾರ ಕಿವಿಗೆ ಬೀಳಬೇಕು?

ಡ್ಯಾಕ್‌ಗೆ ದುಡ್ಡು ಹಾಕಬೇಡಿ. ಸ್ಪೀಕರ್‌ಗೆ ಹಾಕಿ.

ಕೌಲ್‌ಬಜಾರ್ ಕೇಳುಗ, ಬಳ್ಳಾರಿ
ಶಕ್ತಿನಗರದವರೇ, ಲೆವೆಲ್ ಮಾತು ಒಪ್ಪಿದೆ. ಆದರೆ ಉಳಿದದ್ದಕ್ಕೆ ನನ್ನ ತಕರಾರು ಇದೆ.

1970ರ ದಶಕದಲ್ಲಿ ಜಪಾನಿನ ಕಂಪನಿಗಳೆಲ್ಲ ವಿಕೃತಿಯ ಅಂಕಿ ಇಳಿಸಲು ಪೈಪೋಟಿಗೆ ಬಿದ್ದಿದ್ದವು. ಶೇಕಡಾ 0.1 ಹೋಗಿ 0.01, ಆಮೇಲೆ 0.005. ಅಂಥ ಆಂಪ್‌ಗಳಲ್ಲಿ ಎಷ್ಟೋ ಗಡುಸಾಗಿ ಕೇಳಿಸುತ್ತಿದ್ದವು. ಕೇಳುಗರು ಹೇಳಿದರೆ ‘ಅಂಕಿ ನೋಡಿ, ಎಲ್ಲ ಸರಿ ಇದೆ’ ಅನ್ನುವ ಉತ್ತರ. ಕೊನೆಗೆ ಫಿನ್ಲೆಂಡಿನ ಮಟ್ಟಿ ಒಟಾಲಾ ಅವರು 1970ರಿಂದಲೇ ಬರೆದದ್ದು ಬೆಳಕಿಗೆ ಬಂತು. ನಿಧಾನದ ಸರ್ಕ್ಯೂಟ್‌ಗೆ ಅತಿಯಾಗಿ ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ವಾಪಸ್ ಕೊಟ್ಟು ತಪ್ಪು ತಿದ್ದುವುದು) ಕೊಟ್ಟರೆ, ಸಿಗ್ನಲ್ ಥಟ್ಟನೆ ಏರಿದಾಗ ಬೇರೆಯೇ ವಿಕೃತಿ ಹುಟ್ಟುತ್ತದೆ. ಒಂದೇ ಸಮ ನಿಂತ ಟೋನ್ ಹಾಕಿ ಅಳೆದರೆ ಅದು ಕಾಣುವುದೇ ಇಲ್ಲ. ಅಂದರೆ ಮೊದಲು ಕಂಡುಹಿಡಿದದ್ದು ಕಿವಿ.

ಇವತ್ತು ನೀವು ಅಳೆಯುವ ಒಂದು ಸಾವಿರ ಹರ್ಟ್ಜ್ ಟೋನ್‌ನಲ್ಲಿ ಎಲ್ಲವೂ ಸಿಕ್ಕುತ್ತದೆ ಅಂತ ಯಾವ ಧೈರ್ಯದಿಂದ ಹೇಳುತ್ತೀರಿ?

ಕೋಟೆಬಾಗಿಲು, ರಾಯಚೂರು
@ಮಾನ್ವಿ ಮಂದಿ, ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಶಹಾಬಾದ್ ಕಲ್ಲಿನ ನೆಲ, ಗೋಡೆ ಬರೀ ಸಿಮೆಂಟು. ಒಂದು ಕಬ್ಬಿಣದ ಅಲಮಾರಿ ಇದೆ.

ಮಾನ್ವಿ ಮಂದಿ
ಹಾಗಾದರೆ ಡ್ಯಾಕ್ ಮಾತು ಬಿಡಿ ಸರ್. ಆ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ, ಟಣ್ ಅಂತ ವಾಪಸ್ ಬರುತ್ತದೆ.

ಶಕ್ತಿನಗರದವನು
@ಕೌಲ್‌ಬಜಾರ್, ಒಟಾಲಾ ಕಥೆ ಸರಿ ಇದೆ ಅಣ್ಣ, ಆದರೆ ಪೂರ್ತಿ ಹೇಳಿ. ಆ ದೋಷವನ್ನು ಅವರು ತೋರಿಸಿದ್ದು, ಅಳೆಯುವ ದಾರಿ ಹುಡುಕಿದ್ದು ಉಪಕರಣದಿಂದಲೇ. ತಪ್ಪಾಗಿದ್ದು ಒಂದೇ ಅಂಕಿಯನ್ನು ಹಿಡಿದು ಕುಣಿದದ್ದು, ಅಳತೆಯದ್ದಲ್ಲ. ಈಗ ಒಂದು ಟೋನ್ ಅಷ್ಟೇ ಹಾಕುವುದಿಲ್ಲ. ಮೂವತ್ತಕ್ಕೂ ಹೆಚ್ಚು ಟೋನ್ ಒಟ್ಟಿಗೆ ಹಾಕುತ್ತಾರೆ, 20 ಹರ್ಟ್ಜ್‌ನಿಂದ 20,000ದವರೆಗೆ ಸ್ವೀಪ್ ಮಾಡುತ್ತಾರೆ (ಟೋನ್ ಏರಿಸುತ್ತ ಹೋಗುತ್ತಾರೆ), ಸಣ್ಣ ಲೆವೆಲ್‌ನಲ್ಲಿ ಬೇರೆ ನೋಡುತ್ತಾರೆ, ಲೋಡ್ ಬದಲಿಸಿ ನೋಡುತ್ತಾರೆ. ಹಾಡನ್ನೇ ಡ್ಯಾಕ್ ಮೂಲಕ ಹಾಯಿಸಿ, ರೆಕಾರ್ಡ್ ಮಾಡಿ, ಮೂಲ ಫೈಲ್‌ನಿಂದ ಕಳೆದು ಏನು ಉಳಿಯಿತು ಅಂತ ಕೇಳುವುದೂ ಇದೆ. ಉಳಿದದ್ದು ಕೇಳಿಸದಷ್ಟು ಸಣ್ಣದಾದರೆ, ‘ಮೀಟರ್‌ಗೆ ಸಿಗದ್ದು’ ಅನ್ನುವುದು ಎಲ್ಲಿ ಅಡಗಿ ಕೂತಿರುತ್ತದೆ? ತಂತಿಯಲ್ಲಿ ಹರಿಯುವುದು ವೋಲ್ಟೇಜ್ ಒಂದೇ. ಕಾಲಕ್ಕೆ ತಕ್ಕಂತೆ ಬದಲಾಗುವ ವೋಲ್ಟೇಜ್. ಬೇರೆ ಏನೂ ಇಲ್ಲ.

ಸಿಂಧನೂರು ಹುಡುಗ
ಅಣ್ಣ, ಒಂದು ಪ್ರಶ್ನೆ. ನನ್ನ ಇಯರ್‌ಫೋನ್ ಫೋನಿಗೆ ಹಾಕಿದರೆ ಒಂಥರಾ, ಮಾವನ ಹಳೆಯ ಹೆಡ್‌ಫೋನ್ ಆಂಪ್‌ಗೆ ಹಾಕಿದರೆ ಇನ್ನೊಂಥರಾ ಕೇಳಿಸುತ್ತದೆ. ಆಂಪ್‌ನಲ್ಲಿ ತಬಲಾದ ‘ನಾ’ ಮಬ್ಬಾಗುತ್ತದೆ, ದನಿ ದಪ್ಪ ಆಗುತ್ತದೆ. ಸದ್ದು ಹೆಚ್ಚು ಕಮ್ಮಿ ಮಾಡಿ ನೋಡಿದೆ, ಆದರೂ ಹಾಗೇ ಇದೆ. ಗೆಳೆಯರು ‘ನಿನ್ನ ಭ್ರಮೆ’ ಅಂತಾರೆ. ನನಗೆ ಖಂಡಿತ ಭ್ರಮೆ ಅನ್ನಿಸುವುದಿಲ್ಲ.

ಕೌಲ್‌ಬಜಾರ್ ಕೇಳುಗ, ಬಳ್ಳಾರಿ
ನೋಡಿ! ಇಪ್ಪತ್ತು ವರ್ಷದ ಹುಡುಗನ ಕಿವಿ. ಇವನಿಗೂ ಭ್ರಮೆ ಅಂತ ಹೇಳುತ್ತೀರಾ?

ಶಕ್ತಿನಗರದವನು
ಇಲ್ಲ, ಹೇಳುವುದಿಲ್ಲ. ತಮ್ಮಾ, ಇಯರ್‌ಫೋನ್ ಒಳಗೆ ಎಷ್ಟು ಡ್ರೈವರ್ (ಸದ್ದು ಹುಟ್ಟಿಸುವ ಪುಟ್ಟ ಘಟಕ) ಇವೆ? ಬ್ಯಾಲೆನ್ಸ್‌ಡ್ ಆರ್ಮೇಚರ್ (ಡ್ರೈವರ್‌ನ ಒಂದು ಬಗೆ) ಅಂತ ಡಬ್ಬಿ ಮೇಲೆ ಬರೆದಿದೆಯಾ? ಆಂಪ್‌ನ ಔಟ್‌ಪುಟ್ ಇಂಪೆಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಎಷ್ಟು ಅಂತ ಎಲ್ಲಾದರೂ ಇದ್ದರೆ ನೋಡಿ ಹೇಳು.

ತಂಬೂರಿ, ಗಂಗಾವತಿ
ನಾನು ಹಿಂದೂಸ್ತಾನಿ ಕಲಿಯುತ್ತೇನೆ, ಮಕ್ಕಳಿಗೆ ಕಲಿಸುತ್ತೇನೆ. ಉಪಕರಣದ ಜ್ಞಾನ ಕಡಿಮೆ, ಆದರೆ ಕಿವಿ ಅಂದರೆ ಏನು ಅಂತ ಸ್ವಲ್ಪ ಗೊತ್ತು. ಹಾಗಾಗಿ ಬರೆಯುತ್ತಿದ್ದೇನೆ.

ತಂಬೂರಿಯ ಕುದುರೆ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಇಡುತ್ತೇವೆ. ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ಜವಾರಿ (ಝೇಂಕಾರ) ಬಿಚ್ಚಿಕೊಳ್ಳುತ್ತದೆ, ತಂತಿಯ ಒಳಗಿನ ಸ್ವರಗಳೆಲ್ಲ ಹೊರಗೆ ಬರುತ್ತವೆ. ನಮ್ಮ ಗುರುಗಳು ಪಕ್ಕದ ಕೋಣೆಯಲ್ಲಿ ಕೂತು ‘ಪಂಚಮದ ದಾರ ಇನ್ನೂ ಸ್ವಲ್ಪ ಹಿಂದೆ’ ಅನ್ನುತ್ತಿದ್ದರು. ಯಾವ ಮೀಟರ್ ಇರಲಿಲ್ಲ. ಇದು ಕಿವಿಯ ಪರವಾಗಿ ಹೇಳುವ ಮಾತು.

ಇನ್ನೊಂದು ಕಡೆ ನೋಡಿ. ಸಿ.ವಿ. ರಾಮನ್ ಅವರು 1921ರಲ್ಲಿ ಇದೇ ತಂಬೂರಿ, ವೀಣೆ ಕುರಿತು ಬರೆದಿದ್ದಾರೆ. ತಂತಿಯನ್ನು ಒಂದು ಜಾಗದಲ್ಲಿ ಮೀಟಿದರೆ ಆ ಜಾಗದಲ್ಲಿ ನಿಶ್ಚಲವಾಗಿರಬೇಕಾದ ಸ್ವರಾಂಶ ಹುಟ್ಟಬಾರದು. ಅದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೇಳಿದ ನಿಯಮ. ಆದರೆ ನಮ್ಮ ತಂಬೂರಿಯಲ್ಲಿ ಆ ಸ್ವರಾಂಶವೂ ಜೋರಾಗಿ ಕೇಳಿಸುತ್ತದೆ. ಅದಕ್ಕೆ ಕಾರಣ ಆ ಬಾಗಿದ ಕುದುರೆ ಅಂತ ಅವರು ತೋರಿಸಿದರು. ಅಂದರೆ ಕೇಳಿಸಿದ್ದನ್ನು ಅವರು ‘ನಿಯಮದಲ್ಲಿ ಇಲ್ಲ, ಹಾಗಾಗಿ ಸುಳ್ಳು’ ಅಂತ ತಳ್ಳಿ ಹಾಕಲಿಲ್ಲ. ‘ಇದು ಅಳತೆಗೆ ಸಿಗದ ಮಾಯೆ’ ಅಂತ ಕೈಮುಗಿದು ಸುಮ್ನೆ ಕೂರಲೂ ಇಲ್ಲ. ಕಾರಣ ಹುಡುಕಿದರು. ನಮ್ಮಲ್ಲಿ ಎರಡೂ ಕಡೆಯವರು ಜಗಳಕ್ಕೆ ನಿಲ್ಲುತ್ತಾರೆ, ಹುಡುಕುವವರು ಕಡಿಮೆ.

ಒಂದು ನನ್ನ ಅನುಭವ ಹೇಳಬೇಕು. ಶಿಷ್ಯರು ವಾಟ್ಸಾಪ್‌ನಲ್ಲಿ ಕಳಿಸುವ 128ರ (ಸೆಕೆಂಡಿಗೆ 128 ಕಿಲೋಬಿಟ್‌ಗೆ ಕುಗ್ಗಿಸಿದ) ಎಂಪಿ3ಯಲ್ಲಿ ತಂಬೂರಿ ನಾದ ನೀರಿನೊಳಗೆ ಕಲಕಿದಂತೆ ಆಗುತ್ತದೆ, ತಬಲಾ ಪೆಟ್ಟಿಗೆ ಮೊದಲೇ ಒಂದು ‘ಸ್’ ಬರುತ್ತದೆ. ಇದನ್ನು ಕಣ್ಣು ಮುಚ್ಚಿಯೂ ಹೇಳುತ್ತೇನೆ. ಅದೇ 320 ಆದರೆ ನನಗೆ ಸಿಡಿಗೂ ಅದಕ್ಕೂ ಗುರುತು ಹಿಡಿಯಲು ಆಗುವುದಿಲ್ಲ.

ಶಕ್ತಿನಗರದವನು
ಅಕ್ಕಾ, ಬಹಳ ಒಳ್ಳೆಯ ಮಾತು. ಆ ‘ಸ್’ಗೆ ಪ್ರೀ-ಎಕೋ ಅಂತಾರೆ. ಎಂಪಿ3 ಸದ್ದನ್ನು ಸಣ್ಣ ಸಣ್ಣ ತುಂಡು ಮಾಡಿ ಕುಗ್ಗಿಸುತ್ತದೆ. ತುಂಡಿನ ಕೊನೆಯಲ್ಲಿ ಪೆಟ್ಟು ಬಿದ್ದರೆ ಅದರ ಗದ್ದಲ ಇಡೀ ತುಂಡಿಗೆ ಹರಡಿ, ಪೆಟ್ಟಿಗಿಂತ ಮುಂಚೆಯೇ ಕೇಳಿಸುತ್ತದೆ. ನೀವು ಹೇಳಿದ್ದು ನೂರಕ್ಕೆ ನೂರು ನಿಜ.

ಮೈಕ್‌ಸೆಟ್, ಕೊಪ್ಪಳ
ಜಾತ್ರೆ, ನಾಟಕ, ಮದುವೆಗೆ ಮೈಕ್‌ಸೆಟ್ ಹಾಕುವುದೇ ನನ್ನ ಕೆಲಸ. ನಾನು ಹೇಳುವುದು ಇಷ್ಟೇ. ಗವಿಮಠದ ಜಾತ್ರೆಯಂಥ ಬಯಲಿನಲ್ಲಿ ಒಂದು ಪದ ಕೊನೆಯ ಸಾಲಿನ ಅಜ್ಜಿಗೆ ತಿಳಿಯಬೇಕು ಅಂದರೆ ಅದು ಸ್ಪೀಕರ್ ಎತ್ತರ, ಕೋನ, ಡಿಲೇ, ಈಕ್ಯೂ (ಬೇಸ್, ಟ್ರೆಬಲ್ ಹೊಂದಿಸುವುದು) ಮೇಲೆ ನಿಂತಿದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 34 ಮೀಟರ್ ದೂರದಲ್ಲಿ ಎರಡನೇ ಸ್ಪೀಕರ್ ಇಟ್ಟರೆ 100 ಮಿಲಿಸೆಕೆಂಡ್ ತಡ ಕೊಡಬೇಕು, ಕೊಡದಿದ್ದರೆ ಪ್ರವಚನ ಎರಡೆರಡು ಸಲ ಕೇಳಿಸುತ್ತದೆ. ಇದನ್ನು ಕಿವಿಯಿಂದ ಮಾಡುತ್ತ ಕೂತರೆ ಸಂಜೆ ಆಗುತ್ತದೆ. ಮೊದಲು ಅಳೆದು ಹಾಕುತ್ತೇವೆ, ಆಮೇಲೆ ನಡೆದಾಡಿ ಕೇಳುತ್ತೇವೆ. ಡ್ಯಾಕ್ ಯಾವುದು ಅಂತ ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳಿಲ್ಲ.

ಕೌಲ್‌ಬಜಾರ್ ಕೇಳುಗ, ಬಳ್ಳಾರಿ
ಜಾತ್ರೆ ಮೈದಾನ ಬೇರೆ, ರಾತ್ರಿ ಹನ್ನೊಂದಕ್ಕೆ ಒಬ್ಬನೇ ಕೂತು ಖ್ಯಾಲ್ ಕೇಳುವುದು ಬೇರೆ ಅಣ್ಣ. ಅದನ್ನು ಇದಕ್ಕೆ ಯಾಕೆ ಕಟ್ಟುತ್ತೀರಿ?

ಮೈಕ್‌ಸೆಟ್, ಕೊಪ್ಪಳ
ಗಾಳಿ ಎರಡೂ ಕಡೆ ಒಂದೇ ಅಣ್ಣ.

ತೋರಣಗಲ್ಲು ಎ-ಶಿಫ್ಟ್
ಇಲ್ಲಿ ಯಾರೂ ಹೇಳದ ಒಂದು ವಿಷಯ. ಸ್ಟೀಲ್ ಪ್ಲಾಂಟ್‌ನಲ್ಲಿ ಕೆಲಸ, ನಮಗೆ ಪ್ರತಿ ವರ್ಷ ಕಿವಿ ತಪಾಸಣೆ ಇರುತ್ತದೆ. ಗದ್ದಲದಲ್ಲಿ ದುಡಿದವರಿಗೆ 4,000 ಹರ್ಟ್ಜ್ ಸುತ್ತ ಮೊದಲು ಹಳ್ಳ ಬೀಳುತ್ತದೆ. ಮಾತು ಕೇಳಿಸುತ್ತಿರುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ವಯಸ್ಸು ಐವತ್ತು ದಾಟಿದ ಹೆಚ್ಚಿನವರಿಗೆ 14,000, 15,000 ಹರ್ಟ್ಜ್ ಮೇಲಿನದು ಸಿಗುವುದಿಲ್ಲ. 192 ಕಿಲೋಹರ್ಟ್ಜ್ ಸ್ಯಾಂಪ್ಲಿಂಗ್‌ನ (ಕಿವಿಯ ಮಿತಿಗಿಂತ ಎಷ್ಟೋ ಮೇಲಿನದನ್ನೂ ನುಡಿಸಬಲ್ಲ) ಡ್ಯಾಕ್ ಕೊಳ್ಳುವ ಮೊದಲು ಕಿವಿ ತೋರಿಸಿಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ. 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದು ಅನ್ನುತ್ತಾರೆ, ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ. 100ಕ್ಕೆ ಬಂದರೆ 15 ನಿಮಿಷ ಅಷ್ಟೇ. ಮೆರವಣಿಗೆ ಡಿಜೆ ಮುಂದೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೈಕ್‌ಸೆಟ್, ಕೊಪ್ಪಳ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾನು ಎರಡೂ ಕಿವಿಗೆ ಪ್ಲಗ್ ಹಾಕಿಯೇ ಕೆಲಸ ಮಾಡುತ್ತೇನೆ.

ಸಿಂಧನೂರು ಹುಡುಗ
ಶಕ್ತಿನಗರ ಅಣ್ಣ, ಹೌದು, ಒಂದೊಂದು ಕಡೆ ನಾಲ್ಕು ಆರ್ಮೇಚರ್ ಡ್ರೈವರ್. ಆಂಪ್‌ನ ಹಳೆಯ ಪುಸ್ತಕ ಸಿಕ್ಕಿತು, ಔಟ್‌ಪುಟ್ ಇಂಪೆಡೆನ್ಸ್ 10 ಓಮ್ ಅಂತ ಇದೆ.

ಶಕ್ತಿನಗರದವನು
ಸಿಕ್ಕಿತು ನೋಡು. ಅಂಥ ಇಯರ್‌ಫೋನ್‌ನ ಇಂಪೆಡೆನ್ಸ್ ಒಂದೇ ಸಮ ಇರುವುದಿಲ್ಲ. ಒಂದು ಕಡೆ 40 ಓಮ್, ಮೇಲಿನ ಸ್ವರಗಳ ಹತ್ತಿರ 8 ಓಮ್ ಅಂತ ಇಟ್ಟುಕೋ. 10 ಓಮ್ ಆಂಪ್ ಮುಂದೆ ಬಂದಾಗ 40 ಓಮ್ ಇರುವಲ್ಲಿ ಸದ್ದು ಸುಮಾರು 2 ಡೆಸಿಬೆಲ್ ಇಳಿಯುತ್ತದೆ, 8 ಓಮ್ ಇರುವಲ್ಲಿ 7 ಡೆಸಿಬೆಲ್. ನಡುವೆ 5 ಡೆಸಿಬೆಲ್ ಅಂತರ! ಟ್ರೆಬಲ್ ಗುಂಡಿ ತಿರುಗಿಸಿದಷ್ಟೇ ಆಯಿತು. ಫೋನಿನ ಔಟ್‌ಪುಟ್ 1 ಓಮ್ ಇದ್ದರೆ ಅದೇ ಅಂತರ 1 ಡೆಸಿಬೆಲ್ ಕೂಡ ಆಗುವುದಿಲ್ಲ. ‘ನಾ’ ಮಬ್ಬಾಗಿದ್ದು ಇದರಿಂದ. ನಿನ್ನ ಗೆಳೆಯರಿಗೆ ಇದನ್ನು ತೋರಿಸು.

ತಂಬೂರಿ, ಗಂಗಾವತಿ
ಇದೇ ನಾನು ಹೇಳಿದ್ದು. ಹುಡುಗನಿಗೆ ಕೇಳಿಸಿತು, ನೀವು ಕಾರಣ ಕೊಟ್ಟಿರಿ.

ಕೌಲ್‌ಬಜಾರ್ ಕೇಳುಗ, ಬಳ್ಳಾರಿ
ಒಂದು ನಿಮಿಷ. ಆಂಪ್‌ನ ವಿಕೃತಿ ಅಂಕಿ ಮಾತ್ರ ನೋಡಿದ್ದರೆ ಈ ಉತ್ತರ ಬರುತ್ತಿರಲಿಲ್ಲ ಅಲ್ವಾ? ಪಟ್ಟಿ ಮಾಡಿ, ಮೇಲಿಂದ ಕೆಳಗೆ ಸಾಲಾಗಿ ಜೋಡಿಸಿ, ‘ಇದು 121, ಅದು 118, ಹಾಗಾಗಿ ಇದೇ ಒಳ್ಳೆಯದು’ ಅಂತ ಹೇಳುವವರಿಗೆ ನನ್ನ ವಿರೋಧ. ಅಂಥವರೇ ಈಗ ಜಾಸ್ತಿ.

ಹೈ-ರೆಸ್ (ಸಿಡಿಗಿಂತ ಹೆಚ್ಚು ವಿವರದ ಡಿಜಿಟಲ್ ಧ್ವನಿ) ವಿಷಯದಲ್ಲೂ ಹಾಗೇ. ‘ಯಾರಿಗೂ ಕೇಳಿಸುವುದಿಲ್ಲ’ ಅಂತ ಕಡ್ಡಿ ಮುರಿದ ಹಾಗೆ ಹೇಳುವವರಿದ್ದಾರೆ. ಲಂಡನ್ನಿನ ಸಂಶೋಧಕ ಜೋಶುವಾ ರೈಸ್ 2016ರಲ್ಲಿ ಹದಿನೆಂಟು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದರು. ಸಣ್ಣದಾದರೂ ನಿಜವಾದ ವ್ಯತ್ಯಾಸ ಇದೆ ಅಂತ ಬಂತು. ತರಬೇತಿ ಪಡೆದವರಲ್ಲಿ ಇನ್ನೂ ಜಾಸ್ತಿ.

ಶಕ್ತಿನಗರದವನು
ಪಟ್ಟಿ ವಿಷಯದಲ್ಲಿ ನಿಮ್ಮ ಜೊತೆ ಇದ್ದೇನೆ. ಕೇಳಿಸುವ ಮಿತಿ ದಾಟಿದ ಮೇಲೆ 118ಕ್ಕೂ 121ಕ್ಕೂ ಬಡಿದಾಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಆದರೆ ರೈಸ್ ಅವರ ಅಂಕಿಯನ್ನೂ ಹೇಳಿ ಅಣ್ಣ. 12,000ಕ್ಕಿಂತ ಹೆಚ್ಚು ಸಲ ಕೇಳಿಸಿದ್ದರಲ್ಲಿ ಸರಿಯಾದ ಉತ್ತರ ನೂರಕ್ಕೆ 52.3. ಬರೀ ಊಹೆ ಮಾಡಿದರೂ 50 ಬರುತ್ತದೆ. ತರಬೇತಿ ಇದ್ದವರು 60ರ ಹತ್ತಿರ ಹೋದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. 2007ರಲ್ಲಿ ಮೇಯರ್ ಮತ್ತು ಮೋರನ್ ಅವರು ಎಸ್‌ಎಸಿಡಿಯ (ಹೈ-ರೆಸ್ ಡಿಸ್ಕ್) ದಾರಿಯಲ್ಲಿ ಸಿಡಿ ಗುಣಮಟ್ಟದ ಪೆಟ್ಟಿಗೆ ಕೂರಿಸಿ ಕೇಳಿಸಿದಾಗ 554ರಲ್ಲಿ 276 ಸರಿ ಬಂದವು, ಅಂದರೆ 50ಕ್ಕೂ ಒಂದು ಕೂದಲು ಕಡಿಮೆ. ಅಂಗಡಿಯಲ್ಲಿ ಕಾಲು ಒಳಗಿಟ್ಟ ಕೂಡಲೇ ಎಲ್ಲರಿಗೂ ‘ಪರದೆ ಸರಿದಂತೆ’ ಕೇಳಿಸುವ ವ್ಯತ್ಯಾಸ ಇದಲ್ಲವೇ ಅಲ್ಲ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ನಮ್ಮ ಹಿರಿಯರೇ ಹೇಳಿದ್ದಾರೆ. ಕಿವಿಯಾರೆ ಕೇಳಿದ್ದಕ್ಕೂ ಅದೇ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಸ್ಪೀಕರ್‌ಗಳನ್ನು ಪರದೆ ಹಿಂದೆ ಇಟ್ಟು ಒಮ್ಮೆ, ಕಣ್ಣೆದುರು ಇಟ್ಟು ಒಮ್ಮೆ ಕೇಳಿಸಿದರು. ಅದೇ ಜನ, ಅದೇ ಸ್ಪೀಕರ್. ಕಣ್ಣಿಗೆ ಕಂಡಾಗ ಅಂಕ ಬದಲಾಯಿತು. ಪರದೆ ಹಿಂದೆ ಕೇಳಿದವರು ಮಾಡಿದ್ದೂ ಕೇಳುವ ಕೆಲಸವೇ. ನಾನು ಕಿವಿಯ ವಿರೋಧಿ ಅಲ್ಲ, ಬ್ರಾಂಡ್ ಹೆಸರು ಓದಿಕೊಂಡು ಕೇಳುವುದರ ವಿರೋಧಿ.

ಲಿಂಗಸೂಗೂರು ರೇಡಿಯೋ
ಎಲ್ಲರೂ ಡ್ಯಾಕ್ ಹಿಡಿದುಕೊಂಡಿದ್ದೀರಿ, ಕೋಟೆಬಾಗಿಲು ಅವರ ಟ್ರಂಕಿನ ಕ್ಯಾಸೆಟ್ ಮರೆತೇ ಹೋಯಿತು. ಅವು ಹಾಳಾದರೆ ಮತ್ತೆ ಸಿಗುವುದಿಲ್ಲ, ಡ್ಯಾಕ್ ನಾಳೆಯೂ ಸಿಗುತ್ತದೆ.

ಒಳ್ಳೆಯ ಡೆಕ್ ಇರುವವರನ್ನು ಹಿಡಿಯಿರಿ. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಪ್ರತಿ ಕ್ಯಾಸೆಟ್‌ಗೂ ಹೆಡ್‌ನ ಅಜಿಮತ್ (ಟೇಪಿಗೆ ಹೆಡ್ ನಿಂತ ಕೋನ) ಹೊಂದಿಸಬೇಕು, ಯಾಕೆಂದರೆ ಅದನ್ನು ರೆಕಾರ್ಡ್ ಮಾಡಿದ ಡೆಕ್‌ನ ಕೋನ ನಿಮ್ಮದಕ್ಕಿಂತ ಬೇರೆ ಇರುತ್ತದೆ. ಎಡ ಬಲ ಎರಡೂ ಸೇರಿಸಿ ಮೋನೋ ಮಾಡಿ, ಹೆಡ್ ಪಕ್ಕದ ಪುಟ್ಟ ಸ್ಕ್ರೂ ನಿಧಾನ ತಿರುಗಿಸುತ್ತ ಹೋಗಿ. ಒಂದು ಜಾಗದಲ್ಲಿ ಮಂಜು ಸರಿದು ತಾಳದ ಸದ್ದು ಫಕ್ಕನೆ ಎದ್ದು ಬರುತ್ತದೆ. ಅಲ್ಲಿ ನಿಲ್ಲಿಸಿ. ಈ ಕೆಲಸಕ್ಕೆ ಕಿವಿಯೇ ಸಾಕು, ಬೇಕಾದರೆ ಅಡಾಸಿಟಿ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ ತೆರೆದಿಟ್ಟುಕೊಳ್ಳಿ. ಡಾಲ್ಬಿ (ಗದ್ದಲ ತಗ್ಗಿಸುವ ವ್ಯವಸ್ಥೆ) ಇಲ್ಲದ ಮಾಮೂಲಿ ಕ್ಯಾಸೆಟ್‌ನಲ್ಲಿ ಸಿಗ್ನಲ್‌ಗೂ ಗದ್ದಲಕ್ಕೂ ಇರುವ ಅಂತರ 50, 55 ಡೆಸಿಬೆಲ್. ಅದನ್ನು ಹಿಡಿಯಲು ಸಾಧಾರಣ ಯುಎಸ್‌ಬಿ ಇಂಟರ್‌ಫೇಸ್ ಸಾಕೋ ಸಾಕು.

ಅಪ್ಪನ ಟ್ರಂಕಿನಲ್ಲಿ ಸಿದ್ದರಾಮ ಜಂಬಲದಿನ್ನಿ ಅವರ ಹಾಡು ಏನಾದರೂ ಇದೆಯಾ? ನಮ್ಮ ಜಿಲ್ಲೆಯವರೇ. ಇದ್ದರೆ ಮೊದಲು ಅದನ್ನೇ ಮಾಡಿ, ದಯವಿಟ್ಟು.

ಕೋಟೆಬಾಗಿಲು, ರಾಯಚೂರು
ಹುಡುಕುತ್ತೇನೆ ಸರ್. ಕೆಲವಕ್ಕೆ ಚೀಟಿ ಇಲ್ಲ, ಕೇಳಿಯೇ ಗುರುತಿಸಬೇಕು. ರಾಯಚೂರು ಆಕಾಶವಾಣಿಯಿಂದ ಹಿಡಿದ ವಚನ ಗಾಯನ ಇದೆ ಅಂತ ಗೊತ್ತು.

ಚಪ್ಪಾಳೆ ತಟ್ಟಿದೆ. ಮಾನ್ವಿಯವರು ಹೇಳಿದ ಹಾಗೇ ಟಣ್ ಅಂತು. ಇನ್ನೊಂದು ತೊಂದರೆ ಇದೆ: ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಸ್ಪೀಕರ್‌ನಲ್ಲಿ ‘ಗುಂಯ್’ ಅಂತ ಬರುತ್ತದೆ. ತೆಗೆದರೆ ಹೋಗುತ್ತದೆ. ಇದಕ್ಕೆ ದುಬಾರಿ ಪವರ್ ಕೇಬಲ್ ಬೇಕು ಅಂದರು ಅಂಗಡಿಯಲ್ಲಿ.

ಮೈಕ್‌ಸೆಟ್, ಕೊಪ್ಪಳ
ಬೇಡ ಬೇಡ! ಅದು ಗ್ರೌಂಡ್ ಲೂಪ್. ಲ್ಯಾಪ್‌ಟಾಪ್‌ಗೊಂದು ಅರ್ಥ್ ದಾರಿ, ಆಂಪ್‌ಗೊಂದು ದಾರಿ, ನಡುವೆ ಆಡಿಯೋ ತಂತಿಯ ಮೇಲೆ 50 ಹರ್ಟ್ಜ್ ಕರೆಂಟ್ ಓಡಾಡುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಆಪ್ಟಿಕಲ್ ಇನ್‌ಪುಟ್ ಇರುವ ಡ್ಯಾಕ್ ತಗೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಆಪ್ಟಿಕಲ್ ಇಲ್ಲದಿದ್ದರೆ ಯುಎಸ್‌ಬಿಯಿಂದ ಆಪ್ಟಿಕಲ್ ಮಾಡುವ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಬೆಳಕಿನ ತಂತಿಯಲ್ಲಿ ಕರೆಂಟ್ ಹೋಗುವುದಿಲ್ಲ, ಲೂಪ್ ಅಲ್ಲಿಗೇ ಮುರಿಯುತ್ತದೆ.

ಒಂದು ಮಾತು, ಹಮ್ (ಆ ‘ಗುಂಯ್’ ಸದ್ದು) ಹೋಗಲಿ ಅಂತ ಅರ್ಥ್ ಪಿನ್ ಕಿತ್ತು ಹಾಕುವವರು ಇದ್ದಾರೆ. ಯಾವತ್ತೂ ಮಾಡಬೇಡಿ, ಪ್ರಾಣಕ್ಕೆ ಅಪಾಯ. ನಮ್ಮ ಕಡೆ ಬೇಸಿಗೆಯಲ್ಲಿ ಮಣ್ಣು ಒಣಗಿ ಮನೆಯ ಅರ್ಥಿಂಗೇ ಸತ್ತು ಹೋಗಿರುತ್ತದೆ. ಇದ್ದಿಲು ಉಪ್ಪು ಹಾಕಿದ ಹಳೆಯ ಗುಂಡಿ ಇದ್ದರೆ ಆಗಾಗ ನೀರು ಹಾಕಿ, ಒಮ್ಮೆ ಎಲೆಕ್ಟ್ರಿಷಿಯನ್ ಕರೆದು ಅಳೆಸಿ.

ಯಲಬುರ್ಗಾ ಬಿಸಿಲು
ಅರ್ಥ್ ಆಯಿತು, ಬಿಸಿಲಿನ ಮಾತೂ ಇರಲಿ. ಆಂಪ್ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಆಯಸ್ಸು ಬಿಸಿ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಅರ್ಧ ಆಗುತ್ತದೆ. ಮುಚ್ಚಿದ ಟಿವಿ ಕಪಾಟಿನಲ್ಲಿ ಆಂಪ್ ಇಟ್ಟಿದ್ದರೆ ಹೊರಗೆ ತೆಗೆಯಿರಿ. ಹಳೆಯ ಆಂಪ್ ಅಂದಿರಿ, ಹಮ್ ಚಾರ್ಜರ್ ಇಲ್ಲದಾಗಲೂ ಬಂದರೆ, ಅದು 100 ಹರ್ಟ್ಜ್ ಆಗಿದ್ದರೆ, ಕೆಪಾಸಿಟರ್ ಬದಲಿಸುವ ಸಮಯ ಇರಬಹುದು.

ಮಾನ್ವಿ ಮಂದಿ
ಕೋಣೆಗೆ ಬರೋಣ. ನಮ್ಮದು ಹತ್ತಿ ನಾಡು, ದುಬಾರಿ ಫೋಮ್ ತರಿಸಬೇಡಿ. ಹಳೆಯ ದಪ್ಪ ಹತ್ತಿ ಗಾದಿ ಎರಡು ತಗೊಂಡು, ಸ್ಪೀಕರ್ ಸದ್ದು ಮೊದಲು ಬಡಿಯುವ ಪಕ್ಕದ ಗೋಡೆಗೆ ನಾಲ್ಕು ಬೆರಳು ಅಂತರ ಬಿಟ್ಟು ನೇತು ಹಾಕಿ. ನೆಲಕ್ಕೆ ಜಮಖಾನೆ. ಆ ಟಣ್ ಹೋಗುತ್ತದೆ.

ಬೇಸ್ ಮಾತ್ರ ಗಾದಿಗೆ ಜಗ್ಗುವುದಿಲ್ಲ. 12 ಅಡಿ ಉದ್ದದ ಕೋಣೆ 47 ಹರ್ಟ್ಜ್ ಹತ್ತಿರ ಗುಂಯ್ಗುಡುತ್ತದೆ, 10 ಅಡಿಯದ್ದು 56ರ ಹತ್ತಿರ. 47ರ ಅಲೆಯ ಕಾಲು ಭಾಗವೇ ಆರು ಅಡಿ, ಅಷ್ಟು ದಪ್ಪ ಗಾದಿ ಎಲ್ಲಿಂದ ತರುವುದು. ಅದಕ್ಕೆ ಅಳತೆ ಮೈಕ್ ಒಂದು ಕೊಂಡು ಆರ್‌ಇಡಬ್ಲ್ಯೂ ಅನ್ನುವ ತಂತ್ರಾಂಶದಲ್ಲಿ ಸ್ವೀಪ್ ಮಾಡಿ, ಅದು ಉಚಿತ. ಕೂರುವ ಜಾಗ ಒಂದು ಅಡಿ ಸರಿಸಿದರೆ ಎಷ್ಟು ಬದಲಾಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. 10 ಡೆಸಿಬೆಲ್ ಏರಿಳಿತ ಮಾಮೂಲು. ಈಗಿನ ಒಳ್ಳೆಯ ಡ್ಯಾಕ್‌ಗಳ ನಡುವಿನ ವ್ಯತ್ಯಾಸ 0.1ರ ಹತ್ತಿರ.

ಕೌಲ್‌ಬಜಾರ್ ಕೇಳುಗ, ಬಳ್ಳಾರಿ
ಕೋಣೆ, ಸ್ಪೀಕರ್ ಮೊದಲು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಕೋಟೆಬಾಗಿಲು ಅವರೇ, ನಿಮ್ಮ 50,000ವನ್ನು ಡ್ಯಾಕ್‌ಗೆ ಹಾಕಿ ಅಂತ ನಾನೂ ಹೇಳುವುದಿಲ್ಲ.

ಆದರೆ ನನ್ನ ಒಂದು ಪ್ರಶ್ನೆಗೆ ಉತ್ತರ ಬಂದಿಲ್ಲ. ನನ್ನ ಹತ್ತಿರ ಎರಡು ಡ್ಯಾಕ್ ಇವೆ. ಒಂದು ಈಗಿನದು. ಇನ್ನೊಂದು ಓವರ್‌ಸ್ಯಾಂಪ್ಲಿಂಗ್ (ಡಿಜಿಟಲ್ ಅಂಕಿಗಳ ನಡುವೆ ಇನ್ನಷ್ಟು ಅಂಕಿ ಲೆಕ್ಕ ಹಾಕಿ ತುಂಬುವುದು) ಇಲ್ಲದ ಹಳೆಯ ರೀತಿಯದು. ಹತ್ತು ಸೆಕೆಂಡ್ ಇದು, ಹತ್ತು ಸೆಕೆಂಡ್ ಅದು ಅಂತ ಬದಲಿಸಿದರೆ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ಎರಡು ಗಂಟೆ ಕೇಳಿದಾಗ ಒಂದು ತಲೆ ಭಾರ ಮಾಡುತ್ತದೆ, ಇನ್ನೊಂದು ಮಾಡುವುದಿಲ್ಲ. ನಿಮ್ಮಂಥವರು ಹೇಳುವ ಎಬಿಎಕ್ಸ್ (ಯಾವುದು ಅಂತ ತಿಳಿಯದೆ ಕೇಳಿ ಗುರುತಿಸುವ) ಪರೀಕ್ಷೆಯಲ್ಲಿ ಈ ದಣಿವು ಎಲ್ಲಿ ಸಿಗುತ್ತದೆ?

ಶಕ್ತಿನಗರದವನು
ಓವರ್‌ಸ್ಯಾಂಪ್ಲಿಂಗ್ ಇಲ್ಲದ ಡ್ಯಾಕ್ ಸಿಡಿ ನುಡಿಸುವಾಗ 20,000 ಹರ್ಟ್ಜ್‌ನಲ್ಲಿ 3 ಡೆಸಿಬೆಲ್‌ಗಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ, 10,000ದಲ್ಲಿ ಮುಕ್ಕಾಲು ಡೆಸಿಬೆಲ್ ಹತ್ತಿರ. ಅದು ಅಳತೆಯಲ್ಲಿ ಕಾಣುವ ವ್ಯತ್ಯಾಸ. ಅಂದರೆ ನಿಮಗೆ ಮೆತ್ತಗೆ ಕೇಳಿಸಿದರೆ ಅದಕ್ಕೆ ಕಾರಣ ಇದೆ. ಅದನ್ನು ಇಷ್ಟಪಡುವುದು ನಿಮ್ಮ ಹಕ್ಕು. ಅದೇ ಇಳಿತವನ್ನು ಈಕ್ಯೂನಲ್ಲಿ ಪುಕ್ಕಟೆ ಮಾಡಬಹುದು ಅನ್ನುವುದು ನನ್ನ ವಾದ.

ದಣಿವಿನ ವಿಷಯಕ್ಕೆ ಬಂದರೆ, ಎಬಿಎಕ್ಸ್‌ನಲ್ಲಿ ಹತ್ತು ಸೆಕೆಂಡ್ ಅನ್ನುವ ನಿಯಮ ಎಲ್ಲೂ ಇಲ್ಲ. ಒಂದೊಂದು ಸರದಿ ಒಂದು ವಾರ ಬೇಕಾದರೂ ಇರಲಿ. ಮನೆಯಲ್ಲಿ ಯಾರಾದರೂ ನಾಣ್ಯ ಚಿಮ್ಮಿ ಡ್ಯಾಕ್ ಬದಲಿಸಲಿ, ಎರಡಕ್ಕೂ ಬಟ್ಟೆ ಮುಚ್ಚಿ, ಯಾವುದು ಅಂತ ಅವರು ಬೇರೆ ಚೀಟಿಯಲ್ಲಿ ಬರೆದಿಡಲಿ. ನೀವು ‘ದಣಿವಾಯಿತು’, ‘ಆಗಲಿಲ್ಲ’ ಅಂತ ಬರೆಯಿರಿ. 16 ಸರದಿಯಲ್ಲಿ 12 ಸರಿ ಬಂದರೆ ಅದು ಬರೀ ಊಹೆಯಿಂದ ಬರುವ ಸಾಧ್ಯತೆ ನೂರಕ್ಕೆ 4. ನಾನು ಒಪ್ಪಿಕೊಳ್ಳುತ್ತೇನೆ, ಆಮೇಲೆ ಕಾರಣ ಹುಡುಕಲು ನಿಮ್ಮ ಜೊತೆಗೇ ಕೂರುತ್ತೇನೆ.

ತಂಬೂರಿ, ಗಂಗಾವತಿ
ವಾರಕ್ಕೊಂದು ಅಂದರೆ ನಾಲ್ಕು ತಿಂಗಳು ಆಗುತ್ತದೆ. ಎರಡು ದಿನಕ್ಕೊಂದು ಸರದಿ ಸಾಕು ಅನ್ನಿಸುತ್ತದೆ. ಪ್ರತಿ ಸಲ ಅದೇ ಹಾಡು ಕೇಳಬೇಡಿ, ಹಾಡಿನ ಬೇಸರವೂ ದಣಿವಿಗೆ ಸೇರಿಕೊಳ್ಳುತ್ತದೆ.

ಕೌಲ್‌ಬಜಾರ್ ಕೇಳುಗ, ಬಳ್ಳಾರಿ
ಆಗಲಿ, ಮಾಡುತ್ತೇನೆ. ತಂಗಿ ಬದಲಿಸಿ ಕೊಡುತ್ತಾಳೆ. ಲೆವೆಲ್ ಸಮ ಮಾಡುವುದು ಮಾತ್ರ ನೀವೇ ಬಂದು ಮಾಡಿಕೊಡಬೇಕು, ಆಮೇಲೆ ಅದರಲ್ಲಿ ತಪ್ಪಿತ್ತು ಅಂತ ಯಾರೂ ಹೇಳಬಾರದು.

ಶಕ್ತಿನಗರದವನು
ಬರುತ್ತೇನೆ ಅಣ್ಣ. ಒಂದು ಹೇಳಿರುತ್ತೇನೆ, ಅಗ್ಗದ ಮಲ್ಟಿಮೀಟರ್ 50 ಹರ್ಟ್ಜ್‌ಗೆ ಮಾಡಿದ್ದು, 1,000ದಲ್ಲಿ ತಪ್ಪು ತೋರಿಸುತ್ತದೆ. 100 ಹರ್ಟ್ಜ್ ಟೋನ್ ಫೈಲ್ ಒಂದು ನಿಮ್ಮ ಪ್ಲೇಯರ್‌ನಲ್ಲಿ ಹಾಕಿಟ್ಟಿರಿ, ಸ್ಪೀಕರ್ ತಂತಿಯ ತುದಿಯಲ್ಲೇ ಅಳೆಯೋಣ.

ಸಿಂಧನೂರು ಹುಡುಗ
ಅಣ್ಣ, ಆ ಮೀಟರ್ ಹಿಡಿದು ಬರುವಾಗ ನಾನೂ ಬರಬಹುದಾ? ಸಿಂಧನೂರಿನಿಂದ ಬಳ್ಳಾರಿಗೆ ನೇರ ಬಸ್ ಇದೆ.

ಕೌಲ್‌ಬಜಾರ್ ಕೇಳುಗ, ಬಳ್ಳಾರಿ
ಬಾ ತಮ್ಮಾ. ಆ ಇಯರ್‌ಫೋನೂ ಮಾವನ ಆಂಪೂ ತಗೊಂಡು ಬಾ.